ಅಡ್ಡಹೆಸರಿನ ಮೂಲ ಹುಡುಕಬೇಕೆಂದವರಿಗೆ

"ನಮ್ಮ ಅಡ್ಡಹೆಸರಿನ ಅರ್ಥ ಏನ್ರೀ?" ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ವಿಜಯಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಕೇಳುತ್ತಾರೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಹುಡುಗರಂತೂ ಫೋನ್ ಮಾಡಿಯೇ ಕೇಳುತ್ತಾರೆ. ಅಲ್ಲಿ ಯಾರೋ "ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತೆಲ್ಲ ಹೆಸರು ಇಟ್ಟುಕೊಳ್ತಾರಾ?" ಎಂದು ನಕ್ಕಿರುತ್ತಾರೆ.

ಶಬ್ದದ ಅರ್ಥವಷ್ಟೇ ಸಾಕು ಎನ್ನುವವರು ನಿಘಂಟು ತೆಗೆದರೆ ಕೆಲಸ ಮುಗಿಯಿತು. ಆ ಶಬ್ದ ನಿಮ್ಮ ಮನೆಗೇ ಯಾಕೆ ಅಂಟಿತು, ಯಾವಾಗ ಅಂಟಿತು, ಯಾರು ಅಂಟಿಸಿದರು ಎಂಬುದು ಬೇರೆ ಮಾತು. ಅದಕ್ಕೆ ಉತ್ತರ ಇರುವುದು ನಿಮ್ಮ ಮನೆಯ ಟ್ರಂಕಿನಲ್ಲಿ, ಆಯಿಯ (ಅಜ್ಜಿಯ) ನೆನಪಿನಲ್ಲಿ, ತಾಲೂಕು ಕಚೇರಿಯ ಧೂಳು ಹಿಡಿದ ಕಪಾಟಿನಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆತನದವರು ಅದನ್ನು ಹೇಗೆ ಹುಡುಕಬೇಕು ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಅಡ್ಡಹೆಸರನ್ನು ನಿಮ್ಮ ಹಿರಿಯರು ತಾವೇ ಆರಿಸಿ ಇಟ್ಟುಕೊಂಡದ್ದು ಕಡಿಮೆ, ಊರವರು ಇಟ್ಟದ್ದೇ ಹೆಚ್ಚು. ಒಂದೇ ಊರಲ್ಲಿ ಐದು ಮಂದಿ ಬಸಪ್ಪ ಇದ್ದಾಗ ಯಾವ ಬಸಪ್ಪ ಎಂದು ಗುರುತು ಹಿಡಿಯಬೇಕಲ್ಲ? ಅಂಗಡಿ ಬಸಪ್ಪ, ಗಾಣಿಗೇರ ಬಸಪ್ಪ, ಅಗಸಿಮನಿ ಬಸಪ್ಪ ಎಂದು ಕರೆದರು. ಬಾಯಿಮಾತಿನಲ್ಲಿ ಅದು ಈಗಲೂ ಮುಂದೇ ಬರುತ್ತದೆ, ಕಾಗದದ ಮೇಲೆ ಮಾತ್ರ ಹಿಂದಕ್ಕೆ ಹೋಗುತ್ತದೆ. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ, ಬಸಪ್ಪ ದಾನಪ್ಪ ಜತ್ತಿ ಎಂಬ ಸಾಲು ನೋಡಿ, ತಿಳಿಯುತ್ತದೆ.

ಬೆಲ್ಲದ, ತೋಟದ, ಬಡಿಗೇರ, ಚನ್ನಪ್ಪನವರ ಇಂಥ ಹೆಸರುಗಳ ಕೊನೆಯನ್ನೂ ಗಮನಿಸಿ. ಇವೆಲ್ಲ ಷಷ್ಠಿ ವಿಭಕ್ತಿಯಲ್ಲಿ ನಿಂತಿವೆ. ಮುಂದಿನ ಶಬ್ದ, "ಮನೆ" ಎಂದೋ "ಮಂದಿ" ಎಂದೋ, ಬಿದ್ದುಹೋಗಿದೆ. ಬೆಲ್ಲದ ಮನೆಯವರು, ಬಡಿಗೇರ ಮನೆಯವರು. ನಿಮ್ಮ ಹೆಸರಿನ ಮುಂದೆ "ಮನೆಯವರು" ಸೇರಿಸಿ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಎಷ್ಟೋ ಗಂಟು ಅಲ್ಲೇ ಸಡಿಲಾಗುತ್ತದೆ.

ಏನೇನು ಬೇಕು

ಒಂದು ದಪ್ಪ ನೋಟ್‌ಬುಕ್. ಮಾತು ರೆಕಾರ್ಡ್ ಮಾಡಿಕೊಳ್ಳಲು ಫೋನ್. ಹೊಲ ಇದ್ದವರಾದರೆ ಪಹಣಿ, ಇಲ್ಲದಿದ್ದರೆ ಮನೆಯ ಉತಾರ, ಅಂದರೆ ಆಸ್ತಿಯ ದಾಖಲೆ. ಅಪ್ಪನ, ಮುತ್ಯಾನ (ಅಜ್ಜನ) ಶಾಲೆಯ ದಾಖಲೆ ಸಿಕ್ಕರೆ ಒಳ್ಳೆಯದು. ಹಳೆಯ ಲಗ್ನಪತ್ರಿಕೆಗಳನ್ನು ಬಿಸಾಕಬೇಡಿ. ಬೀಗರು, ಭಾಗಾದಿಗಳು (ದಾಯಾದಿಗಳು) ಯಾರು, ಯಾವ ಊರು, ಯಾವ ಅಡ್ಡಹೆಸರು ಎಂಬುದನ್ನೆಲ್ಲ ಅಷ್ಟು ಚಂದಾಗಿ ಒಂದೇ ಹಾಳೆಯಲ್ಲಿ ಬೇರೆ ಯಾರೂ ಬರೆದಿಟ್ಟಿರುವುದಿಲ್ಲ. ಇಷ್ಟರ ಮೇಲೆ ಒಂದೆರಡು ರವಿವಾರ ಬಿಡುವು ಬೇಕು.

1. ಹೆಸರನ್ನು ಮೊದಲು ಕನ್ನಡದಲ್ಲಿ ಸರಿಯಾಗಿ ಬರೆಯಿರಿ

ನಗಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಆಧಾರ್ ಕಾರ್ಡಿನ ಇಂಗ್ಲಿಷ್ ಅಕ್ಷರ ನೋಡಿ ಅರ್ಥ ಹುಡುಕಲು ಹೊರಟರೆ ದಾರಿ ತಪ್ಪುವುದು ಖಚಿತ. ಇಂಗ್ಲಿಷಿನಲ್ಲಿ ಲಕಾರ-ಳಕಾರ ಒಂದೇ, ತ-ಟ ಒಂದೇ, ದ-ಡ ಒಂದೇ, ಹ್ರಸ್ವ-ದೀರ್ಘ ಕೇಳಲೇಬೇಡಿ.

ಹುಲಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಅದೇ ನಾಲ್ಕು ಅಕ್ಷರ ಕಾಡಿನ ಹುಲಿಯೂ ಆಗಬಹುದು, ಹುಣಸೆಯ ಹುಳಿಯೂ ಆಗಬಹುದು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಸವದತ್ತಿ ತಾಲೂಕಿನಲ್ಲಿ ಹೂಲಿ ಎಂಬ ಊರೇ ಇದೆ, ಪಂಚಲಿಂಗೇಶ್ವರ ಗುಡಿಯ ಹಳೆಯ ಊರು. ಹೂಲಿಯಿಂದ ಬಂದ ಮನೆತನದ ಮೊಮ್ಮಗ ಫೇಸ್‌ಬುಕ್ಕಿನಲ್ಲಿ ಹುಲಿಯ ಚಿತ್ರ ಹಾಕಿಕೊಂಡು, ನಮ್ಮ ಹಿರಿಯರು ಹುಲಿ ಕೊಂದವರು ಎಂದು ಬರೆಯುತ್ತಾನೆ. ಒಂದು ದೀರ್ಘ ಬಿದ್ದುಹೋದದ್ದಕ್ಕೆ ಇಷ್ಟು ಕಥೆ! ಕಟ್ಟಿ-ಕತ್ತಿ, ಮಡ್ಡಿ-ಮದ್ದಿ ಇವೂ ಇದೇ ಜಾತಿಯ ಗೊಂದಲಗಳು.

ಮರಾಠಿ ದಾಖಲೆಗಳಿದ್ದರೆ ಅಷ್ಟು ಕಷ್ಟವಿಲ್ಲ, ಅಲ್ಲಿ ಳಕಾರ ಉಳಿದಿರುತ್ತದೆ. ಆದರೆ ಎ-ಏ, ಒ-ಓ ಭೇದ ದೇವನಾಗರಿಯಲ್ಲಿ ಇಲ್ಲ, ಅದನ್ನು ನೆನಪಿಡಿ.

ಇನ್ನೊಂದು ಜೋಡಿ ಬೆಳಗಾವಿ ಕಡೆಯವರಿಗಾಗಿ: ಸನದಿ ಮತ್ತು ಸನಾದಿ. ಸನದು ಎಂದರೆ ಸರಕಾರ ಕೊಟ್ಟ ಅಧಿಕಾರಪತ್ರ. ಊರ ಕಾವಲಿನ ಚಾಕರಿಗೆ ಪ್ರತಿಯಾಗಿ ಹೊಲ ಪಡೆದವರನ್ನು ಶೇತಸನದಿ ಎನ್ನುತ್ತಿದ್ದರು, ಸಂಗೊಳ್ಳಿ ರಾಯಣ್ಣ ಅಂಥವನೇ. ಸನಾದಿ ಎಂದರೆ ಲಗ್ನದಲ್ಲಿ ಊದುವ ವಾದ್ಯ. ನಡುವೆ ಒಂದು ದೀರ್ಘದ ಅಂತರ, ಎರಡು ಬೇರೆ ಬೇರೆ ಬದುಕು.

ಆದ್ದರಿಂದ ಮನೆಯ ಎಲ್ಲ ಕಾಗದಗಳಲ್ಲಿ ಹೆಸರು ಹೇಗೆ ಹೇಗೆ ಬರೆದಿದೆ ಎಂದು ಒಂದು ಪುಟದಲ್ಲಿ ಪಟ್ಟಿ ಮಾಡಿ. ಪಕ್ಕದಲ್ಲಿ ಇಸವಿ ಹಾಕಿ. ಊರಿನ ಅತ್ಯಂತ ಹಿರಿಯರೊಬ್ಬರ ಬಾಯಲ್ಲಿ ಅದು ಹೇಗೆ ಬರುತ್ತದೆ ಎಂದು ಕೇಳಿ ಕೊನೆಗೆ ಬರೆಯಿರಿ. ಎಲ್ಲಕ್ಕಿಂತ ಹೆಚ್ಚು ನಂಬಬೇಕಾದದ್ದು ಆ ಕೊನೆಯ ಸಾಲನ್ನು.

2. ಯಾವ ಬಗೆಯ ಹೆಸರು ಎಂದು ಗುರುತಿಸಿ

ನಮ್ಮ ಕಡೆಯ ಅಡ್ಡಹೆಸರುಗಳು ಹೆಚ್ಚಾಗಿ ಆರು ಬಗೆ: ಊರು, ಹುದ್ದೆ, ಕಸುಬು, ಮನೆಯಿದ್ದ ಜಾಗ, ಹಿರಿಯನೊಬ್ಬನ ಹೆಸರು, ಮತ್ತೆ ಯಾವುದೋ ಸಾಮಾನಿನದೋ ಪ್ರಾಣಿಯದೋ ಹೆಸರು. ಬಗೆ ತಿಳಿದರೆ ಮುಂದೆ ಎಲ್ಲಿ ಹುಡುಕಬೇಕು ಎಂಬುದೂ ತಿಳಿಯುತ್ತದೆ.

ಊರಿನ ಹೆಸರು. ಜಮಖಂಡಿ, ಮುಧೋಳ, ಬೀಳಗಿ, ಇಂಡಿ, ಸಿಂದಗಿ, ಅಥಣಿ, ಗೋಕಾಕ. ಇಲ್ಲಿ ನೆನಪಿಡಬೇಕಾದದ್ದು ಒಂದೇ: ಊರಿನ ಅಡ್ಡಹೆಸರು ಆ ಊರಲ್ಲಿದ್ದಾಗ ಬರುವುದಿಲ್ಲ, ಬಿಟ್ಟ ಮೇಲೆ ಬರುತ್ತದೆ. ಜಮಖಂಡಿಯಲ್ಲಿ ಎಲ್ಲರೂ ಜಮಖಂಡಿಯವರೇ ಆದಾಗ ಯಾರು ಯಾರನ್ನು ಹಾಗೆ ಕರೆದಾರು? ಸಂಶೋಧಕ ಎಂ. ಎಂ. ಕಲಬುರ್ಗಿ ಹುಟ್ಟಿದ್ದು 1938ರಲ್ಲಿ, ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ. ಅಡ್ಡಹೆಸರು ಮಾತ್ರ ಬೇರೊಂದು ಊರಿನದು. ಮರಾಠಿಯಲ್ಲಾದರೆ ಊರಿಗೆ "ಕರ" ಹಚ್ಚುತ್ತಾರೆ, ನಿಪ್ಪಾಣಿಕರ, ಬೆಳಗಾಂವಕರ ಎಂದು. ಕನ್ನಡದಲ್ಲಿ ಊರಿನ ಹೆಸರನ್ನು ಹಾಗೇ ಬಿಡುತ್ತೇವೆ.

ಎಚ್ಚರಿಕೆ: ಒಂದೇ ಹೆಸರಿನ ಊರುಗಳು ಹಲವು. ಬಾಗೇವಾಡಿ ಎಂದರೆ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯೋ, ಬೆಳಗಾವಿ ಹತ್ತಿರದ ಹಿರೇಬಾಗೇವಾಡಿಯೋ? ಹೊಸೂರುಗಳನ್ನಂತೂ ಎಣಿಸುವುದೇ ಬೇಡ. ಇನ್ನು ನೀವು ಹುಡುಕುವ ಊರು ನೀರಿನ ಕೆಳಗೂ ಇರಬಹುದು. ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಈ ಮೂರೂ ಜಲಾಶಯಗಳಲ್ಲಿ ಹಳ್ಳಿಗಳು ಮುಳುಗಿವೆ, ಜನ ಪುನರ್ವಸತಿ ಕೇಂದ್ರಗಳಿಗೆ ಹೋಗಿದ್ದಾರೆ. ನಕ್ಷೆಯಲ್ಲಿ ಊರು ಕಾಣಲಿಲ್ಲ ಎಂದು ಕೈಬಿಡಬೇಡಿ, ಹಳೆಯ ತಾಲೂಕಿನ ಗ್ರಾಮಗಳ ಪಟ್ಟಿ ಕೇಳಿ.

ಹುದ್ದೆಯ ಹೆಸರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಗೊಂದಲ ಹೆಚ್ಚು ಇರುವುದು ಇದರಲ್ಲೇ.

ಪಾಟೀಲ ಎಂದರೆ ಊರಿನ ಮುಖ್ಯಸ್ಥ. ಕಂದಾಯ ವಸೂಲಿ, ತಂಟೆ-ತಕರಾರು, ಬಂದ ಅಧಿಕಾರಿಯ ಉಸ್ತುವಾರಿ ಎಲ್ಲ ಅವನ ತಲೆಯ ಮೇಲೆ. ಕನ್ನಡದಲ್ಲಿ ಅದೇ ಹುದ್ದೆಗೆ ಗೌಡ. ಅದಕ್ಕೇ ನಮ್ಮಲ್ಲಿ ಇಂದಿಗೂ ಕಾಗದದ ಮೇಲೆ ಪಾಟೀಲ, ಬಾಯಲ್ಲಿ "ಗೌಡ್ರ, ಬರ್ರಿ". ಕುಲಕರ್ಣಿ ಊರಿನ ಲೆಕ್ಕ ಬರೆಯುವವನು, ಮೈಸೂರು ಕಡೆ ಶಾನುಭೋಗ ಎಂದರೆ ಅವನೇ. ಚೌಗಲಾ ಪಾಟೀಲನ ಕೈಕೆಳಗಿನವನು. ಇದರ ಮೇಲೆ ಪರಗಣೆ ಬರುತ್ತದೆ, ಇಂದಿನ ತಾಲೂಕಿನ ಹಾಗೆ ಹಲವು ಊರು ಸೇರಿದ ಘಟಕ. ಅಲ್ಲಿ ದೇಸಾಯಿ ಅಥವಾ ನಾಡಗೌಡ ಮುಖ್ಯಸ್ಥ, ದೇಶಪಾಂಡೆ ಅಥವಾ ನಾಡಕರ್ಣಿ ಲೆಕ್ಕದವನು. ಸರದೇಸಾಯಿ ದೇಸಾಯಿಗಳಿಗೂ ಮೇಲಿನವನು. ಕಿತ್ತೂರಿನ ಅರಸರೂ ದೇಸಾಯಿಗಳೇ ಎಂಬುದನ್ನು ನೆನೆದರೆ ಈ ಹುದ್ದೆ ಎಷ್ಟು ದೂರ ಬೆಳೆಯಬಲ್ಲದು ಎಂದು ತಿಳಿದೀತು.

1490ರಿಂದ 1686ರವರೆಗೆ ವಿಜಯಪುರದಲ್ಲಿ ಆದಿಲಶಾಹಿ, ಆಮೇಲೆ ಮೊಗಲರು, ಮರಾಠರು. ಹೀಗಾಗಿ ನಮ್ಮ ಹುದ್ದೆಗಳಿಗೆ ಪಾರ್ಸಿ (ಪರ್ಷಿಯನ್) ಭಾಷೆಯ ಬಾಲ ಬಂತು. "ದಾರ" ಎಂದರೆ ಹೊಂದಿದವನು: ತೆರಿಗೆ ಇಲ್ಲದ ಅಥವಾ ಕಡಿಮೆ ತೆರಿಗೆಯ ಭೂಮಿ ಉಳ್ಳವನು ಇನಾಮದಾರ, ಕೋಟೆ ನೋಡಿಕೊಳ್ಳುವವನು ಕಿಲ್ಲೇದಾರ, ನಾಣ್ಯ ಪರೀಕ್ಷಿಸಿ ಖಜಾನೆ ಇಟ್ಟುಕೊಂಡವನು ಪೋತದಾರ. "ನವೀಸ" ಎಂದರೆ ಬರೆಯುವವನು, ಸವೆದು "ನೀಸ" ಆಯಿತು: ಪತ್ರ ಬರೆಯುವವನು ಚಿಟ್ನೀಸ. ಕೆಳ ಹಂತದಲ್ಲಿ ಊರು ಕಾಯುವ ತಳವಾರ, ಓಲೆ ಒಯ್ಯುವ ವಾಲೀಕಾರ.

ಈ ಬಗೆಯ ಹೆಸರಿದ್ದವರಿಗೆ ಒಂದು ಅನುಕೂಲವಿದೆ, ಕಾಗದಗಳು ದಂಡಿಯಾಗಿ ಸಿಗುತ್ತವೆ. ಈ ಹುದ್ದೆಗಳಿಗೆ ವತನ ಇತ್ತು, ಅಂದರೆ ವಂಶಪಾರಂಪರ್ಯವಾಗಿ ಬರುವ ಹಕ್ಕು ಮತ್ತು ಅದಕ್ಕೆ ಅಂಟಿದ ಹೊಲ. ನಮ್ಮ ಜಿಲ್ಲೆಗಳು ಮುಂಬೈ ಪ್ರಾಂತದಲ್ಲಿದ್ದಾಗ 1874ರ ಕಾಯ್ದೆ ಇವನ್ನು ನಿಯಂತ್ರಿಸಿತು. 1950ರ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು, ಉಳಿದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಆಗ ವತನದ ಹೊಲವನ್ನು ಮನೆತನದವರಿಗೇ ಮರಳಿ ಕೊಟ್ಟ ಆದೇಶಗಳಿವೆ, ಕಚೇರಿಯ ಭಾಷೆಯಲ್ಲಿ "ರೀಗ್ರ್ಯಾಂಟ್". ಯಾವ ಹುದ್ದೆ, ಯಾರು ವತನದಾರ ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಈಗ ಎರಡು ಎಚ್ಚರಿಕೆ. ಪಾಟೀಲ, ದೇಸಾಯಿ, ಇನಾಮದಾರ, ಇವು ಯಾವ ಜಾತಿಯ ಹೆಸರೂ ಅಲ್ಲ. ಲಿಂಗಾಯತ ಪಾಟೀಲರಿದ್ದಾರೆ, ಜೈನ, ಮರಾಠಾ, ಮುಸ್ಲಿಮ ಪಾಟೀಲರಿದ್ದಾರೆ. ಹೆಸರು ಕೇಳಿ ಜಾತಿ ಲೆಕ್ಕ ಹಾಕುವ ಚಟ ಇದ್ದವರು ಇಲ್ಲಿ ಮುಖಭಂಗ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಎರಡನೆಯದು, ಊರಿಗೊಬ್ಬ ಪಾಟೀಲ ಇದ್ದ ಮೇಲೆ ಇಬ್ಬರು ಪಾಟೀಲರಿಗೆ ನೆಂಟಸ್ತನ ಇರಲೇಬೇಕೆಂದಿಲ್ಲ. ಮುತ್ಯಾನ ಮುತ್ಯಾ ಗೌಡಕಿ ಮಾಡಿದ್ದ ಎಂದೂ ಇಲ್ಲ. ಹುದ್ದೆ ಅಣ್ಣನ ಮನೆಯಲ್ಲಿ, ಹೆಸರು ಮಾತ್ರ ಎಲ್ಲ ತಮ್ಮಂದಿರಿಗೆ, ಹೀಗೆ ನಡೆದದ್ದೇ ಬಹಳ.

ಕಸುಬಿನ ಹೆಸರು. ಬಡಿಗೇರ, ಕಂಬಾರ, ಕುಂಬಾರ, ಗಾಣಿಗೇರ, ಹೂಗಾರ, ಮಡಿವಾಳರ ಇವು ಹೇಳದೆಯೇ ತಿಳಿಯುತ್ತವೆ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರ ಹೆಸರಿನಲ್ಲಿ ಕುಲುಮೆಯ ಕಸುಬು ಇದೆ. ಪತ್ತಾರ ಎಂದರೆ ಚಿನ್ನ-ಬೆಳ್ಳಿ ಕೆಲಸದವನು. ಮುಸ್ಲಿಮ ಮನೆತನಗಳಲ್ಲೂ ಇದೇ ಲೆಕ್ಕ: ನದಾಫ, ಪಿಂಜಾರ ಹತ್ತಿ ಹಿಂಜುವವರು, ಬಾಗವಾನ ಹಣ್ಣು-ಕಾಯಿಪಲ್ಯದವರು, ಅತ್ತಾರ ಸುಗಂಧದವರು, ಮಣಿಯಾರ ಬಳೆಯವರು, ತಾಂಬೋಳಿ ಎಲೆಯವರು, ಮೋಮಿನ ನೇಕಾರರು, ಮುಜಾವರ ದರ್ಗಾ ನೋಡಿಕೊಳ್ಳುವವರು.

ಜಾಗದ ಹೆಸರು. ನನಗೆ ಎಲ್ಲಕ್ಕಿಂತ ಪ್ರೀತಿಯ ಬಗೆ ಇದು, ಊರಿನ ಹಳೆಯ ನಕ್ಷೆಯನ್ನೇ ಹೆಸರಿನಲ್ಲಿ ಹೊತ್ತುಕೊಂಡಿರುತ್ತದೆ. ಹುಡೇದ ಎಂದರೆ ಹುಡೇವಿನ, ಅಂದರೆ ಊರ ಕಾವಲು ಬುರುಜಿನ ಹತ್ತಿರದವರು. ಗಚ್ಚಿನಮನಿ, ಮಣ್ಣಿನ ಮನೆಗಳ ನಡುವೆ ಸುಣ್ಣದ ಗಚ್ಚು ಹಾಕಿ ಕಟ್ಟಿದ ಮನೆ. ಮ್ಯಾಗಿನಮನಿ, ತೆಳಗಿನಮನಿ, ದೊಡ್ಡಮನಿ, ಹೊಸಮನಿ. ಮಡ್ಡಿ ಎಂದರೆ ಗರಸು ನೆಲದ ದಿಬ್ಬ. ಗಡ್ಡಿ ಎಂದರೆ ಕೃಷ್ಣೆಯ ನಡುಗಡ್ಡೆ, ಅದಕ್ಕೂ ಮುಖದ ಗಡ್ಡಕ್ಕೂ ಸಂಬಂಧವಿಲ್ಲ.

ಅಗಸಿಮನಿಯನ್ನು ಹತ್ತಿರದಿಂದ ನೋಡಿ. ನಮ್ಮ ಕಡೆ ಅಗಸಿ ಎಂದರೆ ಊರ ಹೆಬ್ಬಾಗಿಲು. ಅಗಸಿಯೆಂದರೆ ಹಿಂಡಿ ಕುಟ್ಟುವ ಅಗಸಿ ಕಾಳೂ ಹೌದು. ಅಗಸಿ ಎಂಬ ಗಿಡವೂ ಇದೆ. ಮೈಸೂರು ಕಡೆಯವರಿಗೆ ಅಗಸ ಎಂದರೆ ಬಟ್ಟೆ ಒಗೆಯುವವನು. ದಕ್ಷಿಣದ ಗೆಳೆಯನೊಬ್ಬ ಅಗಸಿಮನಿ ಎಂದರೆ ಮಡಿವಾಳರ ಮನೆ ಎಂದೇ ತಿಳಿದಿರುತ್ತಾನೆ. ಊರಿಗೆ ಹೋಗಿ ನೋಡಿದರೆ ಮನೆ ಹೆಬ್ಬಾಗಿಲಿಗೆ ತಾಗಿಕೊಂಡೇ ಇರುತ್ತದೆ. ಬಾಗಿಲು ಬಿದ್ದಿದ್ದರೂ "ಅಗಸ್ಯಾಗ ಕುಂತಿದ್ದೆ" ಎಂಬ ಮಾತು ಉಳಿದಿರುತ್ತದೆ. ನಿಘಂಟಿನಲ್ಲಿ ನಾಲ್ಕು ಅರ್ಥ, ನೆಲದ ಮೇಲೆ ಒಂದೇ.

ಹಿರಿಯನ ಹೆಸರು ಸುಲಭ. ಕೊನೆಗೆ "ನವರ" ಅಥವಾ "ಅವರ" ಇದ್ದರೆ ಅದಕ್ಕಿಂತ ಮೊದಲಿನ ಭಾಗ ಯಾರೋ ಒಬ್ಬ ಮುತ್ಯಾನದು. ವಂಶಾವಳಿಯಲ್ಲಿ ಅವನು ಸಿಗುವವರೆಗೆ ಹಿಂದೆ ಹೋಗಿ.

ಸಾಮಾನು, ಪ್ರಾಣಿ, ಕಾಯಿಪಲ್ಯ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಉಪ್ಪಿನ, ಅಕ್ಕಿ, ಹತ್ತಿ ಇಂಥವು ಹೆಚ್ಚಾಗಿ ವ್ಯಾಪಾರದಿಂದಲೋ ಬೆಳೆಯಿಂದಲೋ ಬಂದವು. ಸಂತೆಯಲ್ಲಿ ಬೆಲ್ಲ ಮಾರುವವನನ್ನು ಬೆಲ್ಲದ ಎನ್ನದೆ ಮತ್ತೇನೆನ್ನಬೇಕು? ಪ್ರಾಣಿಯ ಹೆಸರು ಮತ್ತು ಗಿಡ್ಡ-ಉದ್ದ-ಕೆಂಪು ಎಂಬಂಥವು ಹೆಚ್ಚಾಗಿ ಯಾರೋ ಗೇಲಿ ಮಾಡಿ ಕರೆದದ್ದು, ಕರೆಯುತ್ತ ಕರೆಯುತ್ತ ನಿಂತದ್ದು. ಇವಕ್ಕೆ ಕಾಗದದ ಸಾಕ್ಷಿ ಸಿಗುವುದು ಅಪರೂಪ, ಮನೆಯ ಹಿರಿಯರು ಹೇಳಿದ್ದೇ ಆಧಾರ. ಇಂಥ ಹೆಸರಿಗೆ ಸಂಸ್ಕೃತದ ಮೂಲ ಹುಡುಕಿ ಮರ್ಯಾದೆ ತರಲು ಹೋಗಬೇಡಿ,ಮೆಣಸಿನಕಾಯಿಗೆ ಮರ್ಯಾದೆ ಬೇಕಾದಷ್ಟಿದೆ.

3. ಹಿರಿಯರನ್ನು ಕೇಳಿ, ಆದರೆ ಅರ್ಥ ಕೇಳಬೇಡಿ

"ಆಯಿ, ನಮ್ಮ ಅಡ್ಡಹೆಸರಿನ ಅರ್ಥ ಏನ?" ಎಂದರೆ ಒಂದೋ "ನನಗೇನ ಗೊತ್ತೋ ಯಪ್ಪಾ" ಎನ್ನುತ್ತಾರೆ, ಇಲ್ಲವೇ ನಿಮ್ಮನ್ನು ಖುಷಿ ಪಡಿಸಲು ಏನೋ ಒಂದು ಹೇಳುತ್ತಾರೆ. ಬದಲಿಗೆ ಇಂಥವನ್ನು ಕೇಳಿ:

"ನೀ ಮದುವಿ ಆಗಿ ಬಂದಾಗ ಊರ ಮಂದಿ ನಮ್ಮ ಮನಿಗೆ ಏನಂತ ಕರೀತಿದ್ರು?"
"ನಮ್ಮ ಅಣ್ಣತಮ್ಮಕಿ ಮನಿ ಯಾವ್ಯಾವು? ಯಾರ ಮನಿಗೆ ಹೆಣ್ಣು ಕೊಡಾಂಗಿಲ್ಲ, ತರಾಂಗಿಲ್ಲ?"
"ಸೂತಕ ಯಾರ್ಯಾರಿಗೆ ಹಿಡೀತದ?"
"ಮನಿದೇವರಿಗೆ ಯಾವ ಊರಿಗೆ ಹೋಗ್ತಿದ್ರಿ?"

ಎರಡನೆಯ ಮತ್ತು ಮೂರನೆಯ ಪ್ರಶ್ನೆ ಬಹಳ ಕೆಲಸದವು. ಅಡ್ಡಹೆಸರು ಬೇರೆಯಾಗಿದ್ದರೂ ಹೆಣ್ಣು ಕೊಡುವುದಿಲ್ಲ ಎಂದರೆ ಎರಡೂ ಮನೆ ಒಂದೇ ಬಳ್ಳಿಯವು, ಒಂದೇ ಬೆಡಗಿನವು ಎಂದಾಗಬಹುದು. ಬೆಡಗು ಎಂದರೆ ಅಡ್ಡಹೆಸರಿಗಿಂತ ಹಳೆಯ ಕುಲದ ಗುರುತು, ಮದುವೆ ಮಾತಿನಲ್ಲಿ ಮಾತ್ರ ಹೊರಗೆ ಬರುತ್ತದೆ. ಅಡ್ಡಹೆಸರು ಮತ್ತು ಬೆಡಗು ಎರಡನ್ನೂ ಒಂದೇ ಎಂದು ಬರೆದುಕೊಳ್ಳಬೇಡಿ.

ಮನೆದೇವರು ಎಲ್ಲಿದ್ದಾನೋ ಅಲ್ಲಿಂದ ನಿಮ್ಮವರು ಬಂದಿರಬಹುದು ಎಂಬುದು ಒಳ್ಳೆಯ ಸುಳಿವೇ. ಆದರೆ ಸವದತ್ತಿ ಯಲ್ಲಮ್ಮ, ಬಾದಾಮಿ ಬನಶಂಕರಿ, ಗೊಡಚಿ ವೀರಭದ್ರ ಇವರಿಗೆ ನಾಡೆಲ್ಲ ಒಕ್ಕಲು, ಅದರಿಂದ ಏನೂ ತಿಳಿಯುವುದಿಲ್ಲ. ಯಾರೂ ಕೇಳಿರದ ಸಣ್ಣ ಹಳ್ಳಿಯ ಸಣ್ಣ ದೇವರಿಗೆ ವರ್ಷಕ್ಕೊಮ್ಮೆ ಎಡೆ ಒಯ್ಯುತ್ತಿದ್ದರೆ ಮಾತ್ರ ಕಿವಿ ನಿಮಿರಿಸಿ.

ಹೆಂಗಸರನ್ನು ಕೇಳಿದಿರೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಗಂಡಸರು ಮನೆತನದ ಹೆಗ್ಗಳಿಕೆ ಹೇಳುತ್ತಾರೆ, ಹೊರಗಿನಿಂದ ಬಂದ ಸೊಸೆಯಂದಿರಿಗೆ ಊರವರು ಇಟ್ಟ ನಿಜವಾದ ಹೆಸರು ಗೊತ್ತಿರುತ್ತದೆ.

4. ಕಾಗದ ಹಿಡಿದು ಹಿಂದಕ್ಕೆ ನಡೆಯಿರಿ

ಪಹಣಿಯಿಂದ ಶುರು ಮಾಡಿ. ಕಾಲಂ 9ರಲ್ಲಿ ಮಾಲೀಕನ ಹೆಸರು, ಕಾಲಂ 10ರಲ್ಲಿ ಹೊಲ ಅವನಿಗೆ ಹೇಗೆ ಬಂತು ಎಂಬ ವಿವರ ಮತ್ತು ಮ್ಯುಟೇಶನ್ ನಂಬರ್ ಇರುತ್ತದೆ. ಮ್ಯುಟೇಶನ್ ಎಂದರೆ ಹಕ್ಕು ಬದಲಾದ ನಮೂದು, ನಮ್ಮ ಹಿರಿಯರು ಫೇರಫಾರ ಎನ್ನುತ್ತಿದ್ದರು. ಆ ನಂಬರಿನ ನಕಲು ತೆಗೆಸಿ. ಅದರಲ್ಲಿ ಸತ್ತ ಖಾತೆದಾರನ ಹೆಸರು, ವಾರಸರ ಹೆಸರು ಇರುತ್ತವೆ. ಅದರ ಹಿಂದಿನದನ್ನು ಕೇಳಿ, ಅದರ ಹಿಂದಿನದನ್ನು ಕೇಳಿ. ಕಂಪ್ಯೂಟರ್ ಪಹಣಿಗಿಂತ ಹಿಂದಿನದಕ್ಕೆ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು, ಕೈಬರಹದ ಪಹಣಿ ಅಲ್ಲಿರುತ್ತದೆ. ಮುಂಬೈ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅದೃಷ್ಟ ಚೆನ್ನಾಗಿದ್ದರೆ ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಬಹುದು.

ಅಡ್ಡಹೆಸರು ಯಾವ ನಮೂದಿನಲ್ಲಿ ಮೊದಲು ಕಾಣಿಸುತ್ತದೆ ಎಂಬುದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಅದಕ್ಕೂ ಹಿಂದೆ ಬರೀ "ಮಲ್ಲಪ್ಪ ಬಿನ್ ಬಸಪ್ಪ" ಎಂದಷ್ಟೇ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. "ಬಿನ್" ಎಂದರೆ ಮಗ. ಹೆಸರು ಕಾಗದಕ್ಕೆ ಇಳಿದದ್ದು ಯಾವಾಗ ಎಂದು ಅಲ್ಲೇ ಗೊತ್ತಾಯಿತಲ್ಲ.

ಜಮಖಂಡಿ, ಮುಧೋಳ, ರಾಮದುರ್ಗ ಕಡೆಯವರು ಗಮನಿಸಿ: ಇವು 1948ರವರೆಗೆ ಸಂಸ್ಥಾನಗಳು. ಅಲ್ಲಿನ ಹಳೆಯ ದಾಖಲೆಗಳ ವ್ಯವಸ್ಥೆಯೇ ಬೇರೆಯಿತ್ತು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಡತಕ್ಕೆ ವಿಜಯಪುರದಲ್ಲೂ ವಿಚಾರಿಸಿ. ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿದ್ದರೆ, ಬಲ್ಲವರಿಂದಲೇ ಓದಿಸಿ. ಅಕ್ಷರ ಒಂದಕ್ಕೊಂದು ಹೊಸೆದುಕೊಂಡಿರುತ್ತದೆ, ಊಹೆಯಿಂದ ಓದಿದರೆ ಕೆಟ್ಟಿರಿ.

ಮುಂದಿನದು ಶಾಲೆಯ ದಾಖಲಾತಿ ರಿಜಿಸ್ಟರ್. ಎಷ್ಟೋ ಮನೆತನಗಳ ಅಡ್ಡಹೆಸರು ಖಾಯಂ ಆದದ್ದು ಮಾಸ್ತರರ ಪೆನ್ನಿನಿಂದ. ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಮುತ್ಯಾನ ತಮ್ಮನೊಬ್ಬ ಸೋದರಮಾವನ ಊರಲ್ಲಿ ಶಾಲೆ ಕಲಿತ. ಕರೆದುಕೊಂಡು ಹೋದ ಮಾವನ ಅಡ್ಡಹೆಸರನ್ನೇ ಮಾಸ್ತರು ಹುಡುಗನಿಗೂ ಬರೆದರು. ಅಂದಿನಿಂದ ಅಣ್ಣನ ಮಕ್ಕಳಿಗೊಂದು ಹೆಸರು, ತಮ್ಮನ ಮಕ್ಕಳಿಗೊಂದು. ಆಸ್ತಿ ವಾಟ್ನಿಯ, ಅಂದರೆ ಪಾಲು ಮಾಡುವ, ಹೊತ್ತಿಗೆ ಇಬ್ಬರೂ ಒಂದೇ ಮನೆಯವರು ಎಂದು ತೋರಿಸಲು ಪಂಚನಾಮೆ, ಅಫಿಡವಿಟ್ ಎಂದು ವರ್ಷಗಟ್ಟಲೆ ಓಡಾಡಬೇಕಾಯಿತು. ನಿಮ್ಮಲ್ಲೂ ಇಂಥದ್ದು ಕಂಡರೆ ಆ ರಿಜಿಸ್ಟರಿನ ದೃಢೀಕೃತ ನಕಲು ಈಗಲೇ ತೆಗೆದಿಡಿ.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷದ ಮೇಲೆ ಬಹಳ ಭಾರ ಹಾಕಬೇಡಿ. ಅದು ನೀವೇ ಕೊಟ್ಟ ಅಫಿಡವಿಟ್ ಆಧರಿಸಿ ಮಾಡಿದ್ದು, ನಿಮಗೆ ಗೊತ್ತಿಲ್ಲದ್ದು ಅದಕ್ಕೂ ಗೊತ್ತಿರುವುದಿಲ್ಲ.

5. ಹೆಳವರನ್ನು ಹುಡುಕಿ

ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೆಳವರು ಎಂದರೆ ಮನೆತನಗಳ ವಂಶಾವಳಿ ಹೇಳುವುದನ್ನೇ ಕಸುಬಾಗಿ ಉಳ್ಳವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಗಾಡಿಯ ಮೇಲೆ. ಸುಗ್ಗಿ ಮುಗಿದ ಮೇಲೆ ತಮ್ಮ ಪಾಲಿನ ಊರುಗಳಿಗೆ ಬಂದು, ಕಟ್ಟೆಯ ಮೇಲೆ ಕುಳಿತು, ಮೂಲ ಊರು ಯಾವುದು, ಯಾಕೆ ಬಿಟ್ಟರು, ಎಲ್ಲಿ ನೆಲೆಸಿದರು, ಯಾರಿಗೆ ಯಾರು ಹುಟ್ಟಿದರು ಎಂದು ಓದುತ್ತ ಹೋಗುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ರೊಕ್ಕ ಕೊಡುವುದು ರೂಢಿ. ಕೆಲವರ ಹತ್ತಿರ ತಾಮ್ರಪಟ, ಹಳೆಯ ವಹಿಗಳೂ ಇವೆ.

ಎಲ್ಲ ಹೆಳವರ ಹತ್ತಿರ ಎಲ್ಲರ ವಂಶಾವಳಿ ಇರುವುದಿಲ್ಲ. ಊರು, ಮನೆತನ ಹಂಚಿಕೊಂಡಿರುತ್ತಾರೆ. "ನಮ್ಮ ಮನಿಗೆ ಬರೋ ಹೆಳವರು ಯಾವ ಊರವರು?" ಎಂದು ಭಾಗಾದಿಗಳಲ್ಲಿ ಹಿರಿಯರನ್ನು ಕೇಳಿ, ಅವರೇ ಬೇಕು.

ಅವರು ಹೇಳುವುದನ್ನು ಎರಡು ಪಾಲು ಮಾಡಿ ಕೇಳಿ. ಶುರುವಿನಲ್ಲಿ ಬರುವ ಮೂಲಪುರುಷ, ಅರಸರು, ಶಿವನ ಅಪ್ಪಣೆ ಇವೆಲ್ಲ ಹೊಗಳಿಕೆಯ ಪಾಲು, ಚಂದಾಗಿರುತ್ತದೆ, ಕೇಳಿ ಸಂತೋಷಪಡಿ. ಕೊನೆಯ ಐದಾರು ತಲೆಮಾರು ಲೆಕ್ಕದ ಪಾಲು. ಅದನ್ನು ನಿಮ್ಮ ಫೇರಫಾರದ ನಕಲಿನ ಜೊತೆ ಒಂದೊಂದೇ ಹೆಸರು ಇಟ್ಟು ತಾಳೆ ನೋಡಿ. ಕೂಡಿಬಂದರೆ ಅದಕ್ಕೂ ಹಿಂದಿನ ಒಂದೆರಡು ತಲೆಮಾರನ್ನು ಧೈರ್ಯವಾಗಿ ನಂಬಬಹುದು. ರೆಕಾರ್ಡ್ ಮಾಡುವ ಮುಂಚೆ ಅವರ ಒಪ್ಪಿಗೆ ಕೇಳಿ. ಅದು ಅವರ ಹೊಟ್ಟೆಪಾಡು, ಫೋಟೋ ಹೊಡೆದುಕೊಂಡು ವಾಟ್ಸ್ಯಾಪಿಗೆ ಹಾಕಬೇಡಿ.

ಅಸ್ಥಿ ಬಿಡಲು, ಶ್ರಾದ್ಧಕ್ಕೆ ನಾಸಿಕಕ್ಕೋ ಹರಿದ್ವಾರಕ್ಕೋ ಹೋಗುವ ರೂಢಿ ಇರುವ ಮನೆತನದವರು ಅಲ್ಲಿನ ಪುರೋಹಿತರ ವಹಿಯನ್ನೂ ನೋಡಿ. ಹಿರಿಯರು ಹೋಗಿ ಬಂದಾಗಲೆಲ್ಲ ಹೆಸರು ಬರೆಸಿರುತ್ತಾರೆ.

6. ಆ ಊರಿಗೆ ಹೋಗಿ ಬನ್ನಿ

ಊರಿನ ಅಥವಾ ಜಾಗದ ಅಡ್ಡಹೆಸರು ಇದ್ದವರು ಒಮ್ಮೆ ಹೋಗಲೇಬೇಕು. ಬೆಳಿಗ್ಗೆ ಹೋಗಿ, ಗುಡಿ ಕಟ್ಟೆಯ ಮೇಲೆ ಕುಳಿತ ಹಿರಿಯರ ಹತ್ತಿರ ಮಾತಿಗೆ ಕುಳಿತುಕೊಳ್ಳಿ. ಹೊಲದ ಬಗ್ಗೆ ಮೊದಲೇ ಬಾಯಿ ಬಿಡಬೇಡಿ. ಹಳೆಯ ವಾರಸ ಒಬ್ಬ ಪಾಲು ಕೇಳಲು ಬಂದ ಎಂದು ಸುದ್ದಿ ಹಬ್ಬಿದರೆ ಆಮೇಲೆ ಚಹಾ ಕೂಡ ಸಿಗುವುದಿಲ್ಲ. "ನಮ್ಮ ಹಿರ್ಯಾರು ಇದ ಊರಾವ್ರಂತ್ರೀ, ಮನಿದೇವ್ರ ನೋಡಾಕ ಬಂದೀನಿ" ಎಂದರೆ ಸಾಕು. ಯಾವ ಓಣಿಯಲ್ಲಿ ಪಾಳು ಜಾಗ ಇದೆ, ಅದನ್ನು ಯಾರ ಹಿತ್ತಲ ಎನ್ನುತ್ತಾರೆ ಎಂಬುದನ್ನು ಅವರೇ ತೋರಿಸುತ್ತಾರೆ.

7. ತೂಗಿ ನೋಡಿ, ಆಮೇಲೆ ಬರೆಯಿರಿ

ಬಾಯಿಮಾತು, ಕಾಗದ, ನೆಲ, ಈ ಮೂರರಲ್ಲಿ ಎರಡಾದರೂ ಒಂದೇ ಮಾತು ಹೇಳಬೇಕು. ಬರೀ ನಿಘಂಟು ಮತ್ತು ಯೂಟ್ಯೂಬು ಎರಡೂ ಒಪ್ಪಿದವು ಎಂದರೆ ಒಪ್ಪಬೇಡಿ. 1884ರಲ್ಲಿ ಅಚ್ಚಾದ ಬೆಳಗಾವಿ ಮತ್ತು ವಿಜಯಪುರದ ಮುಂಬೈ ಗ್ಯಾಜೆಟಿಯರುಗಳಲ್ಲಿ ಆಗಿನ ಸಮುದಾಯಗಳ ವಿವರಗಳಿವೆ, ಅಲ್ಲಲ್ಲಿ ಅಡ್ಡಹೆಸರುಗಳೂ ಇವೆ, ಹೋಲಿಸಿ ನೋಡಲು ಉಪಯೋಗ. ಆದರೆ ಅವು ಆಗಿನ ಅಧಿಕಾರಿಗಳ ಕಣ್ಣಿನಿಂದ ಬರೆದವು, ಜಾತಿಗಳ ಬಗ್ಗೆ ಅವರು ಹೇಳುವ ಮಾತನ್ನು ಉಪ್ಪು-ಖಾರ ನೋಡಿಯೇ ಒಳಗೆ ಬಿಡಿ.

ಎರಡು ಅರ್ಥ ಸಮಬಲವಾಗಿ ನಿಂತರೆ ಎರಡನ್ನೂ ಬರೆಯಿರಿ. ಕಟ್ಟೀಮನಿ ಎಂಬ ಹೆಸರು ಕಟ್ಟೆಯಿರುವ ಮನೆಯಿಂದಲೂ ಬರಬಹುದು, ಕೆಲವು ಸಮುದಾಯಗಳಲ್ಲಿ ಪಂಚಾಯತಿ ನಡೆಸುವ ಹಿರಿಯನನ್ನು ಕಟ್ಟೀಮನಿ ಎನ್ನುವುದರಿಂದಲೂ ಬರಬಹುದು. ಒಂದು ಊರಿನ ಕಟ್ಟೀಮನಿಗೆ ಮೊದಲನೆಯದು ಸರಿ, ಪಕ್ಕದೂರಿನವರಿಗೆ ಎರಡನೆಯದು.

ಬರೆಯುವಾಗ ಒಂದೊಂದು ಹೆಸರಿನ ಪಕ್ಕದಲ್ಲಿ ಯಾರು ಹೇಳಿದ್ದು, ಯಾವ ದಾಖಲೆ, ಯಾವ ದಿನ ಎಂದು ಹಾಕಿ. ಮನೆಗೆ ಸೊಸೆಯಾಗಿ ಬಂದವರ ತವರಿನ ಅಡ್ಡಹೆಸರು ಮತ್ತು ಊರನ್ನೂ ಸೇರಿಸಿ, ಅದನ್ನು ಬಿಟ್ಟರೆ ಅರ್ಧ ಮನೆತನ ಬಿಟ್ಟ ಹಾಗೆ. ಮೂರು ಜೆರಾಕ್ಸ್ ಮಾಡಿಸಿ. ಒಂದು ಭಾಗಾದಿಗಳ ಮನೆಗೆ, ಒಂದು ನಿಮ್ಮ ಟ್ರಂಕಿಗೆ. ಇನ್ನೊಂದನ್ನು ಮುಂದಿನ ಸುಗ್ಗಿಗೆ ಹೆಳವರು ಬಂದಾಗ ಅವರ ಕೈಗೆ ಕೊಟ್ಟು ಓದಿಸಿ, ತಪ್ಪಿದ್ದಲ್ಲಿ ಅವರೇ ಬೆರಳಿಟ್ಟು ತೋರಿಸುತ್ತಾರೆ.